ಕಿನ್ನಾಳದ ಕೈ, ಜೋಗೇಶ್ವರಿಯ ಗಿಟಾರು

ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ದಾನವ್ವನ ಮುತ್ತಜ್ಜ ಯಮನಪ್ಪನಿಗೆ ದೇವರಿಗೇ ಮುಖ ಕೊಟ್ಟವನು ಎಂಬ ಹೆಸರಿತ್ತು. ಯಾವುದೋ ಊರಿನ ದ್ಯಾಮವ್ವನ ಗುಡಿಗೆ ಬೆಂಕಿ ಬಿದ್ದು, ಮರದ ದೇವಿ ಅರ್ಧ ಇದ್ದಿಲಾಗಿ ಉಳಿದಾಗ, ಆ ಊರ ಹಿರಿಯರು ಅವಳನ್ನು ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಮಲಗಿಸಿಕೊಂಡು ಮನೆಮನೆ ತಿರುಗಿದರಂತೆ. ನೋಡಿದವರೆಲ್ಲ ತಲೆ ಕೊಡವಿದರು. ಯಮನಪ್ಪ ಮಾತ್ರ ಸುಡದೆ ಉಳಿದಿದ್ದ ಒಂದು ಕಿವಿಯನ್ನೇ ನೋಡುತ್ತ ಕೂತು, ಆ ಕಿವಿಯ ಅಳತೆಯಿಂದ ಕೆನ್ನೆ ಹಿಡಿದು, ಕೆನ್ನೆಯಿಂದ ಕಣ್ಣು ಹಿಡಿದು ದೇವಿಯನ್ನು ಎಬ್ಬಿಸಿ ನಿಲ್ಲಿಸಿದ. ಅವನ ಮಗ ತಿಪ್ಪಣ್ಣ ಲಜವರದ ಕೆಲಸದಲ್ಲಿ ಪಳಗಿದವನು. ತವರವನ್ನು ಬಡಿದು ಬಡಿದು, ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ ಮಾಡಿ, ಮರಕ್ಕೆ ಅಂಟಿಸಿ ಬಂಗಾರದ ಹೊಳಪು ಬರಿಸುವ ಕೆಲಸ ಅದು. ಒಂದು ಮಠದ ಪಲ್ಲಕ್ಕಿಗೆ ತಿಪ್ಪಣ್ಣ ಹಾಕಿದ ಲಜವರವನ್ನು ಕಳ್ಳರು ಬಂಗಾರವೆಂದೇ ನಂಬಿ ಕಿತ್ತೊಯ್ದರಂತೆ. ಆಮೇಲೆ ಮೋಸ ಹೋದ ಸಿಟ್ಟಿಗೆ ತುಂಡುಗಳನ್ನು ತಂದು ಮಠದ ಬಾಗಿಲಿಗೇ ಒಗೆದು ಹೋದರಂತೆ. ಸುಳ್ಳೋ ಖರೆಯೋ, ಓಣಿಯೆಲ್ಲ ನಕ್ಕು ನಕ್ಕು ಹೇಳುತ್ತಿದ್ದ ಮಾತು. ತಿಪ್ಪಣ್ಣನ ಮಗ ಏಕಪ್ಪ ದಾನವ್ವನ ಅಪ್ಪ. ಗೆದ್ದಲು ತಿಂದ ದೇವರುಗಳಿಗೆ ಆ ಸೀಮೆಯಲ್ಲಿ ಅವನನ್ನು ಬಿಟ್ಟರೆ ಬೇರೆ ವೈದ್ಯ ಇರಲಿಲ್ಲ.

ಆ ಮನೆಗೆ ಒಂದು ಕಟ್ಟಳೆ ಇತ್ತು. ರಿಪೇರಿಗೆ ಬಂದ ಮರ ಗಾಯದ ಗುರುತು ಹೊತ್ತುಕೊಂಡು ಹೊಸ್ತಿಲು ದಾಟಿ ಹೋಗಬಾರದು. ಭಿನ್ನವಾದ ದೇವರಿಗೆ ಪೂಜೆ ಇಲ್ಲವಲ್ಲ! ಅದಕ್ಕಾಗಿ ಮೊದಲು ಹಳೆಯ ಬಣ್ಣವನ್ನೆಲ್ಲ ಬುಡದ ತನಕ ಹೆರೆಯಬೇಕು. ಗೋಣಿಯ ನಾರು ಕುಟ್ಟಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಬಿರುಕಿಗೆ ಮೆತ್ತಬೇಕು. ಅದರ ಮೇಲೆ ಅರಿವೆ, ಅರಿವೆಯ ಮೇಲೆ ಹರಳುಕಲ್ಲಿನ ಪುಡಿಯ ಸಾರಣೆ, ಆಮೇಲೆ ಬಣ್ಣ. ಕೆಲಸಕ್ಕೆ ಕೈ ಹಚ್ಚುವ ಮೊದಲು ಏಕಪ್ಪ ಒಂದು ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ ಮೂರ್ತಿಯ ಪಕ್ಕ ಇಟ್ಟು, "ಅವ್ವಾ, ನಿನ್ನ ಮೈ ಸುದ್ದ ಆಗೂ ತನಕ ಈ ನೀರಾಗ ಕುಂದರು" ಎಂದು ಬೇಡಿಕೊಳ್ಳುತ್ತಿದ್ದ. ಕೆಲಸ ಮುಗಿದ ದಿನ ಅದೇ ನೀರನ್ನು ಚಿಮುಕಿಸಿ, ದೇವಿಯನ್ನು ಮರದೊಳಗೆ ವಾಪಸು ಕರೆಯುತ್ತಿದ್ದ.

ಆ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬೀಜ ಕುದಿಸುವುದು, ಕಲ್ಲು ಕುಟ್ಟುವುದು ಇತ್ತು, ಕುಂಚ ಇರಲಿಲ್ಲ. ದಾನವ್ವ ಒರಳ ಮುಂದೆ ಕೂತೇ ಅಪ್ಪನ ಕೈಯನ್ನು ಕಣ್ಣಿನಿಂದ ಕಲಿತಳು. ಗಂಡ ಶಿವಪುತ್ರಪ್ಪ ಅವಳನ್ನು ಮುಂಬಯಿಗೆ ಕರೆತಂದು ಜೋಗೇಶ್ವರಿಯ ಒಂದು ಚಾಳಿನಲ್ಲಿ ಸಂಸಾರ ಹೂಡಿ, ಮರದ ಸಾಮಾನಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಹಿಡಿದ. ಅರಗು, ಸ್ಪಿರಿಟ್ಟಿನ ವಾಸನೆ ಕುಡಿದು ಕುಡಿದು ಎದೆ ಕೆಟ್ಟು ತೀರಿಕೊಂಡ. ಮಣ್ಣು ಮಾಡಿ ಬಂದ ತಿಂಗಳೊಳಗೆ ದಾನವ್ವ ಕಾರ್ಖಾನೆಯ ಶೇಟನ ಮುಂದೆ ನಿಂತು, ಅಲ್ಲೇ ಬಿದ್ದಿದ್ದ ಒಂದು ಮದುವೆಯ ಮಣೆಯ ಮೇಲೆ ಗಿಳಿ, ಬಳ್ಳಿ ಬರೆದು ತೋರಿಸಿದಳು. ಶೇಟ ಇನ್ನೊಂದು ಮಣೆ ಮುಂದಕ್ಕೆ ನೂಕಿದ. ಅವತ್ತಿನಿಂದ ತೊಟ್ಟಿಲು, ಮಣೆ, ಚೌರಂಗಗಳ ಬಣ್ಣವೆಲ್ಲ ಅವಳದೇ ಆಯಿತು. ಗಂಡ ಬಿಟ್ಟುಹೋದ ಒಂದೇ ಗಂಡುಮಗುವನ್ನು ಕುಂಚ ಹಿಡಿದು ಸಾಕಿದಳು. ಅದಕ್ಕೆ ತನ್ನ ಅಪ್ಪ ಏಕಪ್ಪನ ಹೆಸರನ್ನೇ ಇಟ್ಟು, ಮುಂಬಯಿಗೆ ಒಪ್ಪುವ ಹಾಗೆ ಏಕನಾಥ ಎಂದು ತಿದ್ದಿದ್ದಳು.

ಏಕನಾಥನಿಗೆ ಮರದ ಬಣ್ಣ ಬೇಕಾಗಲಿಲ್ಲ, ಮರದ ದನಿ ಬೇಕಾಯಿತು. ಅದಕ್ಕೆ ಕಾರಣ ಪಕ್ಕದ ಖೋಲಿಯ ದೂಜ. ಮಂಗಳೂರ ಕಡೆಯ ಕ್ರಿಸ್ತಾನ, ಹೆಂಡತಿ ಇಲ್ಲದ ಒಂಟಿ ಜೀವ. ಒಂದು ಕಾಲಕ್ಕೆ ಫೋರ್ಟಿನ ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಕೋಟು ಟೈ ಹಾಕಿಕೊಂಡು ಗಿಟಾರು ಬಾರಿಸಿದವನು. ಸರಕಾರ ಸೆರೆ ಕುಡಿಯುವುದನ್ನೇ ನಿಲ್ಲಿಸಿದ ಮೇಲೆ ಕುಣಿಯುವವರು ಕಡಿಮೆಯಾಗಿ, ಬ್ಯಾಂಡು ಚದುರಿ, ಈಗ ಬಾಂದ್ರಾ ಕಡೆಯ ಮದುವೆಗಳನ್ನೇ ನೆಚ್ಚಿಕೊಂಡಿದ್ದ. ಅವನ ಹತ್ತಿರ ಎರಡು ಗಿಟಾರುಗಳಿದ್ದವು. ಹಳೆಯದು ಇಟಲಿಯದಂತೆ. ಹಡಗಿನ ಬ್ಯಾಂಡಿನ ಮುದುಕನೊಬ್ಬ ಸಾಯುವ ಮುಂಚೆ ದೂಜನ ಅಪ್ಪನಿಗೆ ಕೊಟ್ಟಿದ್ದು. ಜೇನಿನ ಬಣ್ಣ, ಉಂಗುರದಂಥ ಚಿತ್ತಾರದ ನಡುವೆ ಕಪ್ಪು ತೂತು. ಅದನ್ನು ದೂಜ ಏಕನಾಥನ ಕೈಗೆ ಕೊಟ್ಟುಬಿಟ್ಟ.

ದಾನವ್ವ ಮೊದಮೊದಲು ಗೊಣಗಿದಳು. "ನಮ್ಮ ಹಿರೇರು ದೇವರ್ನ ಮಾಡಿದ್ರು. ನೀ ಏನು ಕರಡಿ ಕುಣಸೂದು ಕಲೀತೀಯೇನಪಾ?"

"ಕರಡಿ ಕುಣಿಸಿದ್ರ ಜನಾ ಕೂಡ್ತಾರಬೇ. ನಿನ್ನ ಗಿಳಿ ನೋಡಾಕ ಯಾರು ಬಂದಾರು?" ಎಂದು ಅವನು ನಗುತ್ತಿದ್ದ.

ಕಾಟನ್ ಮಿಲ್ಲಿನ ಆಫೀಸಿನಲ್ಲಿ ಪ್ಯೂನ್ ಕೆಲಸ ಮುಗಿಸಿ, ಲೋಕಲ್ಲಿನಲ್ಲಿ ನುಗ್ಗಾಡಿ ಬಂದು, ಚಾ ಕುಡಿದು ಅವನು ಗಿಟಾರು ತೊಡೆಯ ಮೇಲಿಟ್ಟುಕೊಂಡನೆಂದರೆ ಗ್ಯಾಲರಿಯಲ್ಲಿ ದೂಜನ ಗದರಿಕೆ ಶುರುವಾಗುತ್ತಿತ್ತು. "ಏ ಬೆಕ್ಕೇ! ಮೆಲ್ಲ ಮಾರಾಯಾ! ಉಗುರು ಕಡೀಲಿಕ್ಕೆ ಆಗುದಿಲ್ವಾ ನಿಂಗೆ? ಬೆಕ್ಕು ಮಾರಾಯಾ ಇವ, ಬೆಕ್ಕು!" ಚಾಳಿನ ಹೆಂಗಸರೂ ಅವನನ್ನು ಬೆಕ್ಕು ಎಂದೇ ಕರೆಯತೊಡಗಿದರು. ಯಾಕೆ ಬೆಕ್ಕು ಎಂದು ಯಾರೂ ಕೇಳಲಿಲ್ಲ, ದಾನವ್ವನೂ ಕೇಳಲಿಲ್ಲ. ಒಂದೇ ಪದವನ್ನು ಅವನು ನುಡಿಸುವನು, ಒಂದೇ ಜಾಗದಲ್ಲಿ ಎಡವುವನು, ಮತ್ತೆ ಮೊದಲಿನಿಂದ ಹಿಡಿಯುವನು. ಬರಬರುತ್ತ ಆ ದನಿ ಇಲ್ಲದೆ ದಾನವ್ವನಿಗೆ ರೊಟ್ಟಿ ತಟ್ಟಲು ಕೈ ಬಾರದಾಯಿತು. ಅವನು ಎಡವುವ ಜಾಗ ಬಂದಾಗ ಅವಳ ಅಂಗೈಯೂ ರೊಟ್ಟಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ದೂಜ ತಂಗಿಯ ಮಗಳ ಮದುವೆಗೆಂದು ಸ್ಟೀಮರ್ ಹತ್ತಿ ಊರಿಗೆ ಹೋದ. ಮದುವೆ ಮುಗಿಯುವಷ್ಟರಲ್ಲಿ ಮಳೆಗಾಲ ಹಿಡಿದು, ಸಮುದ್ರ ಎದ್ದು, ಸ್ಟೀಮರ್ ನಿಂತಿತು. ದೂಜ ಅಲ್ಲೇ ಉಳಿದ. ಇಲ್ಲಿ ಶ್ರಾವಣದಲ್ಲಿ ಏಕನಾಥನಿಗೆ ಜ್ವರ ಬಂತು. ವಿಷಮಶೀತ ಜ್ವರ ಎಂದರು. ದಾನವ್ವ ಖೋಲಿಗೆ ಬೀಗ ಹಾಕಿ ಆಸ್ಪತ್ರೆಯ ವರಾಂಡದಲ್ಲಿ ಕೂತುಬಿಟ್ಟಳು. ಹೊರಗೆ ಮಳೆ ಹೊಯ್ದೇ ಹೊಯ್ದಿತು. ಅರೆಬರೆ ಎಚ್ಚರದಲ್ಲಿ ಅವನು ಬೆರಳುಗಳನ್ನು ಹೊದಿಕೆಯ ಮೇಲೆ ಆಡಿಸುತ್ತಿದ್ದ. ಒಮ್ಮೆ ಕಣ್ಣು ಬಿಟ್ಟು, "ಎವ್ವಾ, ಗಿಟಾರು ಗ್ವಾಡಿಗೈತಿ, ನೋಡು" ಎಂದ. "ಐತಿ ಬಿಡಪಾ, ಅದಕ್ಕೇನಾಗೈತಿ" ಎಂದಳು. ಅದೇ ಅವನ ಕಡೆಯ ಮಾತು.

ಮಣ್ಣು ಮಾಡಿ ಬಂದು ಬೀಗ ತೆಗೆದಾಗ ಖೋಲಿಯಲ್ಲಿ ನೀರಿನ ವಾಸನೆ ತುಂಬಿತ್ತು. ಒಡೆದ ಹಂಚಿನಿಂದ ಇಳಿದ ಮಳೆ ಗೋಡೆಗುಂಟ ಹರಿದು ನೆಟ್ಟಗೆ ಗಿಟಾರಿನ ಮೇಲೆ ಬಿದ್ದಿತ್ತು. ಜೇನಿನ ಬಣ್ಣ ಬಿಳಚಿ ಸುಣ್ಣದ ಹಾಗಾಗಿತ್ತು. ಬೆನ್ನು ಬಾಯ್ಬಿಟ್ಟಿತ್ತು, ಎದೆಯ ಹಲಗೆ ಉದ್ದಕ್ಕೂ ಸೀಳಿತ್ತು, ತಂತಿ ಬಿಗಿಯುವ ಪಟ್ಟಿ ಕಳಚಿ ತಂತಿಗೆ ನೇತುಬಿದ್ದಿತ್ತು. ದಾನವ್ವ ಮಗನ ಹೆಣದ ಮುಂದೆ ಅತ್ತಿರಲಿಲ್ಲ. ಇದನ್ನು ಸೆರಗಿನಿಂದ ಒರೆಸುತ್ತ ಅತ್ತಳು.

ಕೆಳಗಿನ ಖೋಲಿಯ ರಾಚವ್ವ ವಿಜಾಪುರದ ಕಡೆಯವಳು, ದಾನವ್ವನಿಗೆ ಗೆಳತಿ. ಸಮಾಧಾನ ಹೇಳಲು ಬಂದವಳ ಕಣ್ಣು ಗಿಟಾರಿನ ಮೇಲೆ ಬಿತ್ತು.

"ಯಾಕ ಇಟಗೊಂಡು ಕುಂತಿಯೇ ತಂಗಿ? ಸತ್ತವರ ಸಾಮಾನು ಕಣ್ಣಿಗೆ ಬಿದ್ದಷ್ಟು ಹೊಟ್ಟ್ಯಾಗ ಸಂಕಟ. ಹಳೇ ಸಾಮಾನು ಕೊಳ್ಳೂ ಧಾರಾವಿ ಭಂಗಾರದಂವ ಬರ್ತಾನಲ್ಲ, ಹಾಕಿ ಬಿಡು."

"ನಮ್ಮಪ್ಪನ ಮುತ್ಯಾ ಸುಟ್ಟ ದೇವಿಗೆ ಮುಖಾ ಬರಿಸಿದಾಂವ. ನಾ ಒಂದು ತೊಯ್ದ ಮರಕ್ಕ ಹೆದರ್ತೀನೇನು? ದೂಜಣ್ಣ ದಸರಾಕ್ಕ ಬರ್ತಾನ. ಅಷ್ಟರಾಗ ಇದನ್ನ ಸುದ್ದ ಮಾಡಿ ಅವನ ಕೈಯಾಗ ಕೊಡಾಂವ ನಾನು. ಆ ಪದಾ ನಾ ಇನ್ನೊಮ್ಮೆ ಕೇಳಬೇಕು. ಒಂದ ಸಲ ಕೇಳಿದ್ರ ಸಾಕು."

ರಾಚವ್ವ ಮೂಗಿನ ಮೇಲೆ ಬೆರಳಿಟ್ಟಳು. "ಕೊಡಾಂವ ಅಂತ! ಗಂಡಸಿನ ಗತೆ ಮಾತಾಡತಾಳ ನೋಡು."

"ಕುಂಚ ಹಿಡಿದ ಮ್ಯಾಲೆ ಗಂಡೇನು ಹೆಣ್ಣೇನು," ಎಂದಳು ದಾನವ್ವ.

ಕಾರ್ಖಾನೆಯಿಂದ ಬಂದು ಕತ್ತಲಾಗುವ ತನಕ, ರಜೆಯ ದಿನ ಇಡೀ ಹಗಲು, ಅವಳು ಬಾಗಿಲ ಬೆಳಕಿಗೆ ಗೋಣಿ ಹಾಸಿಕೊಂಡು ಕೂತಳು. ಅಪ್ಪನ ಮನೆಯಿಂದ ಬಳುವಳಿಯಾಗಿ ಬಂದ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟಳು. ಯಾರನ್ನು ಕರೆಯಬೇಕೋ ತೋಚಲಿಲ್ಲ. ಕಡೆಗೆ, "ಎಪ್ಪಾ, ನಿನ್ನ ಮೈ ಸುದ್ದ ಆಗೂ ತನಕ ಈ ನೀರಾಗ ಕುಂದರು" ಎಂದಳು. ಗಿಟಾರಿಗೆ ಹೇಳಿದಳೋ ಮಗನಿಗೆ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ.

ಬೆನ್ನನ್ನು ಅಂಟು ಹಾಕಿ ಹಗ್ಗ ಬಿಗಿದು ಕೂಡಿಸಿದಳು. ಪಟ್ಟಿಯನ್ನು ಇದ್ದ ಜಾಗದಲ್ಲೇ ಕೂರಿಸಿದಳು. ಅಲ್ಲಿಯವರೆಗೆ ಮಾಡಿದ್ದೆಲ್ಲ ಯಾವ ಬಡಗಿಯೂ ಒಪ್ಪುವಂಥ ಕೆಲಸ. ಆಮೇಲೆ ಎದೆಯ ಹಲಗೆಗೆ ಬಂದಳು. ಹಳೆಯ ಮೆರುಗನ್ನು ಹೆರೆಯತೊಡಗಿದಾಗ ಮೇಲಿನ ಅಂಚಿನಲ್ಲಿ ಅಂಗೈಯಗಲ ಸವೆದ ಜಾಗ ಕಂಡಿತು. ತೂತಿನ ಕೆಳಗೆ ಒಂದರ ಮೇಲೊಂದು ಸಣ್ಣ ಗೀರುಗಳಿದ್ದವು, ಏನೋ ಕೆರೆದ ಹಾಗೆ. ಮರದ ರೋಗವೇ ಎಂದುಕೊಂಡಳು. ಸವೆದದ್ದನ್ನು ಸಮ ಮಾಡಿದಳು. ಗೀರುಗಳ ಮೇಲೆ ಮರಳು ಕಾಗದ ಹಿಡಿದು, ಬೆರಳಿಗೆ ಒಂದೂ ತಾಕದಷ್ಟು ನುಣ್ಣಗಾಗುವ ತನಕ ತಿಕ್ಕಿದಳು. ಸೀಳಿಗೆ ಕಿಟ್ಟ ತುಂಬಿ, ಇಡೀ ಎದೆಗೆ ಅರಿವೆ ಅಂಟಿಸಿ, ಹರಳುಕಲ್ಲಿನ ಸಾರಣೆ ಕೊಟ್ಟಳು. ಒಣಗಿದ ಮೇಲೆ ಇನ್ನೊಂದು. ಅಪ್ಪ ಸಾರಣೆ ಬಡಿದು ನೋಡುತ್ತಿದ್ದ. ಕಲ್ಲಿನ ಹಾಗೆ ಗಟ್ಟಿ ದನಿ ಬಂದರೆ "ದೇವಿ ಗಟ್ಟಿ ಕುಂತಾಳ" ಎನ್ನುತ್ತಿದ್ದ. ದಾನವ್ವನೂ ಬಡಿದು ನೋಡಿದಳು, ಅಂಥದೇ ದನಿ ಬಂತು, ಮನಸ್ಸು ತುಂಬಿತು. ತಂತಿ ಬಿಗಿಯುವ ಕೆಲಸ ದೂಜನದು. ಅದಕ್ಕೆ ಅವಳು ಕೈ ಹಾಕಲಿಲ್ಲ.

ಬಣ್ಣಕ್ಕೆ ಕೂತ ದಿನಗಳಲ್ಲಿ ಅವಳು ಊಟ ಮರೆತಳು. ಕುಂಕುಮದ ಕೆಂಪು ನೆಲ, ಅದರ ಮೇಲೆ ತೊಂಡೆಯ ಬಳ್ಳಿ, ಬಳ್ಳಿಯ ಮರೆಯಲ್ಲಿ ಗಿಳಿ, ತೂತಿನ ಸುತ್ತ ತಿಪ್ಪಣ್ಣಜ್ಜನ ಲಜವರದ ದಂಡೆ. ಮಗ ಚೇಷ್ಟೆ ಮಾಡಿದ್ದ ಗಿಳಿಯನ್ನೇ ಎಲ್ಲಕ್ಕಿಂತ ಚೆಂದ ಬರೆದಳು. ಕಡೆಯಲ್ಲಿ ಗಿಳಿಗೆ ಕಣ್ಣು ಇಟ್ಟಳು. ಚಾಳಿನವರೆಲ್ಲ ಬಂದು ಬಾಗಿಲಲ್ಲಿ ನಿಂತು ನೋಡಿದರು. ರಾಚವ್ವ ಕೈ ಮುಗಿದೇಬಿಟ್ಟಳು. "ನಂದ ತಪ್ಪಾತ ತಂಗಿ. ಇದನ್ನ ಭಂಗಾರಕ್ಕ ಹಾಕಂದ ನಾಲಿಗಿಗೆ ಬರಿ ಹಾಕಬೇಕು." ದಾನವ್ವನಿಗೂ ಆ ಕ್ಷಣ ಮೂರು ತಲೆಮಾರಿನ ಹಿರಿಯರು ತನ್ನ ಹಿಂದೆ ಬಂದು ನಿಂತ ಹಾಗನಿಸಿತು.

ದಸರೆ ಹತ್ತಿರವಾದ ದಿನಗಳಲ್ಲಿ ಸ್ಟೀಮರ್ ಶುರುವಾಯಿತು. ಒಂದು ಬೆಳಿಗ್ಗೆ ದೂಜ ಹಪ್ಪಳದ ಕಟ್ಟು ಬಗಲಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತುತ್ತಲೇ ಕೂಗಿದ. "ಎಲ್ಲುಂಟು ನಮ್ಮ ಬೆಕ್ಕು? ಗುರು ಬಂದ್ರೆ ಎದುರು ಬರುವ ಮರ್ಯಾದೆ ಕೂಡ ಇಲ್ವಾ?"

ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ರಾಚವ್ವ ಅವನ ಎದುರು ಹೋಗಿ ಮೆಲ್ಲನೆ ಹೇಳಿದಳು. ದೂಜ ಹಪ್ಪಳದ ಕಟ್ಟನ್ನು ಅಲ್ಲೇ ಮೆಟ್ಟಿಲ ಮೇಲೆ ಇಟ್ಟು, ಟೊಪ್ಪಿಗೆ ತೆಗೆದ. ಆಮೇಲೆ ದಾನವ್ವನ ಬಾಗಿಲಿಗೆ ಬಂದ.

"ಅಕ್ಕಾ..." ಎಂದ.

"ಬರ್ರಿ ದೂಜಣ್ಣ. ಹೋದಾಂವ ಹೋದ. ಅತ್ತು ಆಗೈತಿ ನಂದು," ಎಂದು ದಾನವ್ವ ಅವನಿಗೆ ಮಣೆ ಹಾಕಿ, ಒಳಗಿನಿಂದ ಗಿಟಾರನ್ನು ಮಗುವನ್ನು ಎತ್ತಿ ತರುವ ಹಾಗೆ ತಂದು ಅವನ ತೊಡೆಯ ಮೇಲಿಟ್ಟಳು. "ಮಳ್ಯಾಗ ನೆನೆದು ಸತ್ತಂಗಾಗಿತ್ತು. ಸುದ್ದ ಮಾಡೀನಿ. ತಂತಿ ಬಿಗೀರಿ. ಅಂವ ನುಡಸತಿದ್ನಲ್ಲ, ಆ ಪದಾ ಹಾಕ್ರಿ."

ದೂಜ ಗಿಟಾರು ನೋಡಿದ. ಅವಳನ್ನು ನೋಡಿದ. "ಎಂತಾ ಕೆಲಸ ಮಾಡಿದ್ದೀರಿ ಅಕ್ಕ," ಎಂದ ಮೆಲ್ಲಗೆ. ಅದು ಹೊಗಳಿಕೆಯೆಂದೇ ಅವಳು ತಿಳಿದಳು. ಅವನು ತನ್ನ ಖೋಲಿಯಿಂದ ತಂತಿ ತಂದು ಒಂದೊಂದಾಗಿ ಬಿಗಿದು, ಕಿವಿ ತಿರುವಿ ಸ್ವರ ಕೂಡಿಸಿದ. ದಾನವ್ವ ತಂಬಿಗೆಯ ನೀರನ್ನು ಗಿಟಾರಿಗೆ ಚಿಮುಕಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ದೂಜ ಬೆರಳಾಡಿಸಿದ. ಹಿಟ್ಟು ತುಂಬಿದ ಡಬ್ಬಿಯನ್ನು ತಟ್ಟಿದಂಥ ಒಂದು ಸದ್ದು ಬಂತು. ಮತ್ತೆ ನುಡಿಸಿದ. ಪದ ಅದೇ, ಗುರುತು ಸಿಗುತ್ತಿತ್ತು. ಆದರೆ ಗೋಡೆಯ ಆಚೆ ಯಾರೋ ಬಾಯಿಗೆ ಅರಿವೆ ತುರುಕಿಕೊಂಡು ಹಾಡುತ್ತಿರುವ ಹಾಗಿತ್ತು. ಎಡವುವ ಜಾಗದ ತನಕ ಬರುವ ಮೊದಲೇ ದೂಜ ಕೈ ನಿಲ್ಲಿಸಿದ.

"ತಂತಿ ಹೊಸತು ಅಲ್ವಾ. ನಾಳೆಗೆ ಸರಿಯಾಗ್ತದೆ," ಎಂದ, ಅವಳ ಕಡೆ ನೋಡದೆ.

"ನಾ ಸಣ್ಣ ಹುಡುಗಿ ಅಲ್ರೀ. ಖರೇ ಹೇಳ್ರಿ."

ಅವನು ಗಿಟಾರನ್ನು ಮಗ್ಗುಲಿಗಿಟ್ಟ. "ನೋಡಿ ಅಕ್ಕ, ಇದು ಮೂರ್ತಿ ಅಲ್ಲ. ಈ ಹಲಗೆ ಉಂಟಲ್ಲ, ಇದು ಡೋಲಿನ ಚರ್ಮ ಇದ್ದ ಹಾಗೆ. ನಡುಗಬೇಕು ಇದು. ನಡುಗಿದ್ರೆ ಮಾತ್ರ ಸ್ವರ. ಅದಕ್ಕೇ ಇಷ್ಟು ತೆಳು ಮಾಡುದು. ನೀವು ಇದಕ್ಕೆ ಕಂಬಳಿ ಹೊದಿಸಿದ ಹಾಗೆ ಆಗಿದೆ. ಸೀಳು ಹಾಗೇ ಕಾಣ್ತಿದ್ರೂ ಅಡ್ಡಿ ಇರಲಿಲ್ಲ. ಒಳಗಿಂದ ಒಂದು ಚೂರು ಮರ ಅಂಟಿಸಿದ್ರೆ ಆಗ್ತಿತ್ತು. ಗಾಯ ಇದ್ದ ಗಿಟಾರು ಹಾಡ್ತದೆ ಅಕ್ಕ. ನನ್ನ ಅಪ್ಪನ ಕಾಲದಿಂದ ಹಾಡ್ತಾನೇ ಇತ್ತು ಇದು..." ಎನ್ನುತ್ತ ಅಭ್ಯಾಸಬಲದಿಂದ ಅವನ ಹೆಬ್ಬೆರಳು ತೂತಿನ ಕೆಳಗೆ ಏನನ್ನೋ ಹುಡುಕಿತು. ಅಲ್ಲಿ ನುಣ್ಣಗೆ ಗಿಳಿ ಕೂತಿತ್ತು.

"ಏನು ಹುಡುಕತೀರಿ?"

"ಏನಿಲ್ಲ."

"ಹೇಳ್ರಿ."

"ಇಲ್ಲಿ ಗೀರು ಇತ್ತು. ಅವ ತಂತಿ ಎಳೆಯುವಾಗ ಉಗುರು ಬಂದು ಇಲ್ಲೇ ತಾಗ್ತಿತ್ತು. ಎಷ್ಟು ಬೈದ್ರೂ ಕೇಳ್ತಿರಲಿಲ್ಲ. ಬೆಕ್ಕು ಕೆರೆದ ಹಾಗೆ ಕೆರೀತಾನೆ ಅಂತ, ಅದಕ್ಕೇ ಅಲ್ವಾ ನಾನು ಅವನಿಗೆ..." ದೂಜ ಅಲ್ಲಿಗೇ ನಿಲ್ಲಿಸಿದ. ಆದರೆ ಮಾತು ಬಾಯಿಯಿಂದ ಹೊರಟುಬಿಟ್ಟಿತ್ತು.

ದಾನವ್ವ ಮೇಲಿನ ಅಂಚನ್ನು ತೋರಿಸಿದಳು. "ಮತ್ತ ಇಲ್ಲಿ? ಇಲ್ಲಿ ಸವದಿತ್ತಲ್ರಿ?"

"ಅವನ ತೋಳು ಇಡುವ ಜಾಗ," ಎಂದ ದೂಜ ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ.

ದಾನವ್ವ ಎದ್ದು ಸ್ಟೋವ್ ಹಚ್ಚಿ ಚಾಕ್ಕೆ ನೀರಿಟ್ಟಳು. ನೀರು ಕುದ್ದು ಕುದ್ದು ಅರ್ಧವಾಯಿತು. ಅವಳು ಚಾ ಸೊಪ್ಪು ಹಾಕಲಿಲ್ಲ, ಸಕ್ಕರೆಯನ್ನೂ ಹಾಕಲಿಲ್ಲ. ತನ್ನ ಬಲಗೈಯ ನಡುಬೆರಳ ತುದಿಯನ್ನು ಹೆಬ್ಬೆರಳಿಂದ ತಿಕ್ಕುತ್ತ ನಿಂತಿದ್ದಳು. ಮರಳು ಕಾಗದ ಹಿಡಿದು ಒಂದೊಂದೇ ಗೀರನ್ನು ತಡವಿ ನೋಡಿ ಇಲ್ಲದಂತೆ ಮಾಡಿದ ಬೆರಳು ಅದೇ. ಮಗ ಈ ಮನೆಯಲ್ಲಿ ಬಿಟ್ಟುಹೋದ ಗುರುತೆಂದರೆ ಆ ಗೀರುಗಳು, ಆ ಸವೆತ, ಅಷ್ಟೇ ಇತ್ತು. ಭಾವಚಿತ್ರ ತೆಗೆಸಿರಲಿಲ್ಲ, ಬಟ್ಟೆಯನ್ನು ಆಸ್ಪತ್ರೆಯವರು ಸುಟ್ಟಿದ್ದರು. ಮೂರು ತಲೆಮಾರು ಗಾಯ ಮುಚ್ಚಿ ಹೆಸರು ಗಳಿಸಿದ ಕೈ, ತನ್ನ ಮಗನ ಗುರುತನ್ನೂ ಗಾಯವೆಂದೇ ತಿಳಿದು ಅಳಿಸಿತ್ತು.

ಮರುದಿನ ಕಾರ್ಖಾನೆಗೆ ರಜೆ. ದೂಜ ಬಂದಾಗ ದಾನವ್ವ ಮತ್ತೆ ಬಾಗಿಲ ಬೆಳಕಿಗೆ ಗೋಣಿ ಹಾಸಿದ್ದಳು. ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿಟ್ಟಿದ್ದಳು. ತಂಬಿಗೆಯಲ್ಲಿ ಹೊಸ ನೀರು ತುಂಬಿ ಪಕ್ಕದಲ್ಲಿ ಇಟ್ಟಿದ್ದಳು. ಹಿಂಡಿದ ಅರಿವೆಯ ತುದಿಯಿಂದ, ಮರಕ್ಕೆ ಮತ್ತೆ ನೀರು ಇಳಿಯದ ಹಾಗೆ, ಉಗುರಗಲ ಜಾಗ ಮಾತ್ರ ಮೆತ್ತಗೆ ಮಾಡಿ, ಬಿದಿರ ಚಕ್ಕೆಯಿಂದ ಸಾರಣೆಯನ್ನು ಎಬ್ಬಿಸುತ್ತಿದ್ದಳು. ಗಿಳಿಯ ಕಣ್ಣು ಆಗಲೇ ಹೋಗಿತ್ತು.

ರಾಚವ್ವ ಹೊಸ್ತಿಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ನೀವರೆ ಹೇಳ್ರಿ ಅಣ್ಣಾರ. ಮುಂಜಾನಿಂದ ಕುಂತಾಳ. ಒಂದು ತುತ್ತು ತಿಂದಿಲ್ಲ. ನಾ ಒಂದು ಬದಿ ಹೆರೀತೀನಿ ಅಂದ್ರ ಮುಟ್ಟಗೊಡವಲ್ಲಳು."

ದೂಜ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ. "ಅಕ್ಕಾ, ಧೋಬಿ ತಲಾವಿನಲ್ಲಿ ನನ್ನ ಗುರ್ತದ ಗೋವಾದ ಮೇಸ್ತ್ರಿ ಇದ್ದಾನೆ. ಇದೇ ಕಸುಬು ಅವನದು. ಈಗಲೇ ಕೊಂಡ್ಹೋಗ್ತೇನೆ. ಮೊದಲಿನ ಹಾಗೆ ಆಗ್ಲಿಕ್ಕಿಲ್ಲ, ಆದ್ರೆ ಸ್ವರ ಬರ್ತದೆ. ಬೇಡವಾ? ಹಾಗಾದ್ರೆ ನಾನೇ ಕೂತುಕೊಳ್ತೇನೆ ನಿಮ್ಮ ಒಟ್ಟಿಗೆ. ಕೊಡಿ ಇಲ್ಲಿ."

ದಾನವ್ವ ಚಕ್ಕೆಯನ್ನು ಕೆಳಗಿಡಲಿಲ್ಲ. ತಲೆ ಎತ್ತದೆಯೇ ಹೇಳಿದಳು:

"ಬ್ಯಾಡ್ರಿ ದೂಜಣ್ಣ. ನಿಮ್ಮ ಮೇಸ್ತ್ರಿ ಶ್ಯಾಣೇ ಇರಬಹುದು. ಆದ್ರ ಅಂವಗ ಏನು ಹುಡುಕಬೇಕು ಅನ್ನೂದು ಗೊತ್ತಿಲ್ಲ. ನಾ ತಿಕ್ಕಿದ್ದರಾಗ ಎಲ್ಲ್ಯರೆ ಒಂದು ಗೀರು ತಳದಾಗ ಉಳಿದಿದ್ರ, ಅದು ಅಳಿಸಿದ ಬೆರಳಿಗೇ ಸಿಗಬೇಕು. ಮತ್ತೊಬ್ಬರ ಕೈ ಅದರ ಮ್ಯಾಲೆ ಹಾಯಬಾರದು. ಸಿಗಲಿಲ್ಲಂದ್ರ ಅದೂ ನನಗ ಗೊತ್ತಾಗಬೇಕು. ಹಚ್ಚಿದಾಕಿ ನಾನು, ಬಿಚ್ಚಾಕಿನೂ ನಾನ. ನೀವು ಏಳ್ರಿ. ಬಾಗಿಲಾಗ ಕುಂತು ಬೆಳಕಿಗೆ ಅಡ್ಡಾ ಆಗೇರಿ."